ಹಾಕ್ ಮೌಂಟನ್ ತುದಿಯಲ್ಲಿ ವಲಸೆ ಗಿಡುಗಗಳನ್ನು ಎಣಿಸೋದು ಹೇಗೆ: ಸಮಗ್ರ ಮಾರ್ಗದರ್ಶಿ

ನ್ಯೂಜೆರ್ಸಿ, ಪೆನ್ಸಿಲ್ವೇನಿಯ ಕಡೆ ಇರುವ ನಮ್ಮವರು ಫಾಲ್ ಬಂದರೆ ಎಲೆ ಬಣ್ಣ ನೋಡೋಕೆ ಪೊಕೊನೋಸ್ ಕಡೆ ಕಾರು ತಿರುಗಿಸುತ್ತಾರೆ. ಚೆನ್ನಾಗೇ ಇರುತ್ತದೆ. ಆದರೆ ಅದೇ ಹೊತ್ತಿಗೆ ಕೆನಡಾ ಕಡೆಯಿಂದ ಹೊರಟ ಸಾವಿರಾರು ಗಿಡುಗ, ಹದ್ದು, ಚಾಣಗಳು ತಲೆ ಮೇಲೇ ದಕ್ಷಿಣಕ್ಕೆ ಹೋಗುತ್ತಿರುತ್ತವೆ, ನಾವು ಮರ ನೋಡುತ್ತಾ ಫೋಟೋ ತೆಗೀತಾ ಇರುತ್ತೇವೆ. ಈ ಬರಹ ಆ ಹಕ್ಕಿಗಳನ್ನು ಎಣಿಸುವ ಬಗ್ಗೆ. ನೋಡುವ ಬಗ್ಗೆ ಅಲ್ಲ, ಎಣಿಸುವ ಬಗ್ಗೆ. ಎರಡೂ ಬೇರೆ ಕೆಲಸ. ನೋಡೋಕೆ ಹೋದವರು ಹಕ್ಕಿ ಬಂದಾಗ ತಲೆ ಎತ್ತುತ್ತಾರೆ. ಎಣಿಸೋಕೆ ಹೋದವರು ಹಕ್ಕಿ ಬರದ ಗಂಟೆಯನ್ನೂ ಬರೆದುಕೊಳ್ಳುತ್ತಾರೆ, ನನ್ನ ಪ್ರಕಾರ ಈ ಕೆಲಸದ ಅರ್ಧ ಪಾಲು ಅದೇ.

ಉದಾಹರಣೆಗೆ ಹಾಕ್ ಮೌಂಟನ್ ಅನ್ನೇ ಇಟ್ಟುಕೊಂಡಿದ್ದೇನೆ. ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಈ ಭಾಗದಲ್ಲಿ ಇಲ್ಲ.

ಅಲ್ಲೇ ಯಾಕೆ

ಪೆನ್ಸಿಲ್ವೇನಿಯದ ಕೆಂಪ್ಟನ್ ಹತ್ತಿರ ಕಿಟಟಿನಿ ಅನ್ನುವ ಉದ್ದನೆ ಬೆಟ್ಟಸಾಲು ಈಶಾನ್ಯದಿಂದ ನೈಋತ್ಯಕ್ಕೆ ಹರಡಿದೆ, ಹಾಕ್ ಮೌಂಟನ್ ಇರೋದು ಈ ಸಾಲಿನಲ್ಲೇ. ವಾಯುವ್ಯದ ಗಾಳಿ ಇದಕ್ಕೆ ಅಡ್ಡಲಾಗಿ ಬಡಿದು ಮೇಲಕ್ಕೆ ಏಳುತ್ತದೆ. ದೂರ ಹೋಗಬೇಕಾದ ಹಕ್ಕಿಗೆ ರೆಕ್ಕೆ ಬಡಿಯೋದು ದುಬಾರಿ, ಆ ಏಳುವ ಗಾಳಿ ಮೇಲೆ ಸುಮ್ನೆ ರೆಕ್ಕೆ ಚಾಚಿಕೊಂಡು ಜಾರುವುದು ಅಗ್ಗ. ಅದಕ್ಕೇ ಹಕ್ಕಿಗಳು ಬೆಟ್ಟದ ಸಾಲನ್ನು ಹಿಡಿದು ಹೋಗುತ್ತವೆ, ನಾವು ಒಂದು ಬಂಡೆ ಮೇಲೆ ಕೂತರೆ ಸಾಕು, ಅವೇ ನಮ್ಮ ಮುಂದೆ ಹಾದು ಹೋಗುತ್ತವೆ. ಕೆಲವು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋಗುತ್ತವೆ, ಬೆನ್ನಿನ ಗರಿ ಕಾಣಿಸುತ್ತದೆ.

ಹಿಂದೆ ಇದೇ ಬಂಡೆಗಳ ಮೇಲೆ ಕೂತು ಜನ ಕೋವಿ ಹಾರಿಸುತ್ತಿದ್ದರು. ಗಿಡುಗ ಅಂದರೆ ಪೀಡೆ ಅನ್ನುವ ಕಾಲ ಅದು. ಗಾಸ್‌ಹಾಕ್ ಅನ್ನುವ ದೊಡ್ಡ ಗಿಡುಗ ಒಂದನ್ನು ಕೊಂದರೆ 5 ಡಾಲರ್ ಬಹುಮಾನವನ್ನು ರಾಜ್ಯವೇ ಕೊಡುತ್ತಿತ್ತು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ನ್ಯೂಯಾರ್ಕಿನ ಹೆಂಗಸು ಆ ಬೆಟ್ಟವನ್ನೇ ಗುತ್ತಿಗೆಗೆ ತೆಗೆದುಕೊಂಡು, ಮಾರಿಸ್ ಬ್ರೌನ್ ಅವರನ್ನು ಕಾವಲಿಗೆ ಇಟ್ಟರು. ಬೇಟೆ ನಿಂತಿತು. ಬ್ರೌನ್ ಅದೇ ವರ್ಷ ಎಣಿಕೆ ಶುರು ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿನ ಬಿಡುವು ಬಿಟ್ಟರೆ ಆ ಎಣಿಕೆ ಇವತ್ತಿಗೂ ನಡೆಯುತ್ತಿದೆ, ಬೇಟೆ ಹಕ್ಕಿಗಳ ವಲಸೆಯಲ್ಲಿ ಪ್ರಪಂಚದಲ್ಲೇ ಇಷ್ಟು ಹಳೆಯ ಲೆಕ್ಕ ಬೇರೆ ಇಲ್ಲ.

ಈಗ ಒಂದು ಸೀಸನ್‌ಗೆ ಸರಾಸರಿ 18,000ದ ಆಸುಪಾಸು ಹಕ್ಕಿ ಲೆಕ್ಕಕ್ಕೆ ಸಿಗುತ್ತವೆ. ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ ಲಕ್ಷಗಳಲ್ಲಿ ಹೋಗುತ್ತವೆ, ಜಾರ್ಜಿಯಾ ದೇಶದ ಬಾಟುಮಿಯಲ್ಲೂ ಹಾಗೇ. ಸಂಖ್ಯೆಯಲ್ಲಿ ಹಾಕ್ ಮೌಂಟನ್ ಚಿಕ್ಕದು. ಇದರ ಬೆಲೆ ಇರೋದು ಒಂದೇ ಬಂಡೆಯಿಂದ ಒಂದೇ ರೀತಿ ಇಷ್ಟು ವರ್ಷ ಎಣಿಸಿದ್ದರಲ್ಲಿ.

ದಿನ ಆರಿಸಿಕೊಳ್ಳೋದು

ಅಲ್ಲಿನ ಎಣಿಕೆ ಆಗಸ್ಟ್ 15ಕ್ಕೆ ಶುರುವಾಗಿ ಡಿಸೆಂಬರ್ 15ಕ್ಕೆ ಮುಗಿಯುತ್ತದೆ. ನಾಲ್ಕು ತಿಂಗಳು, ಆದರೆ ಎಲ್ಲ ಹಕ್ಕಿ ಒಟ್ಟಿಗೆ ಬರಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ, ಹೆಚ್ಚು ಕಡಿಮೆ 10ರಿಂದ 25ರ ಒಳಗೆ, ಬ್ರಾಡ್-ವಿಂಗ್ಡ್ ಹಾಕ್‌ಗಳು ಗುಂಪು ಗುಂಪಾಗಿ ಹೋಗುತ್ತವೆ. ಇವು ದಕ್ಷಿಣ ಅಮೆರಿಕದವರೆಗೆ ಹೋಗಬೇಕು, ಆತುರ ಜಾಸ್ತಿ. ಆಸ್ಪ್ರೆ, ಕೆಸ್ಟ್ರೆಲ್ ಕೂಡ ಸೆಪ್ಟೆಂಬರ್‌ನವು. ಅಕ್ಟೋಬರ್ ಮೊದಲ ಭಾಗ ಶಾರ್ಪ್-ಶಿನ್ಡ್ ಹಾಕ್‌ಗಳದ್ದು, ಮೆರ್ಲಿನ್ ಮತ್ತು ಪೆರಿಗ್ರಿನ್ ಕೂಡ ಆಗಲೇ. ಅಕ್ಟೋಬರ್ ಕೊನೆಯಿಂದ ನವೆಂಬರ್ ಶುರುವಿಗೆ ರೆಡ್-ಟೇಲ್ಡ್ ಹಾಕ್ ಮತ್ತು ರೆಡ್-ಶೋಲ್ಡರ್ಡ್. ಗೋಲ್ಡನ್ ಈಗಲ್ ಬೇಕು ಅಂದರೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲರ್ಧ, ಅದೂ ಕೈ ಮರಗಟ್ಟುವ ಗಾಳಿ ಇರುವ ದಿನ.

ಕ್ಯಾಲೆಂಡರ್‌ಗಿಂತ ಹವಾಮಾನ ಮುಖ್ಯ. ತಣ್ಣನೆ ಗಾಳಿಯ ಅಲೆ ಒಂದು ಹಾದುಹೋಗಿ ಮಳೆ ನಿಂತು, ಗಾಳಿ ವಾಯುವ್ಯಕ್ಕೆ ತಿರುಗಿದ ಮೊದಲ ಒಂದೆರಡು ದಿನ ರಜೆ ಹಾಕಿಯಾದರೂ ಹೋಗಿ. ಬ್ರಾಡ್-ವಿಂಗ್ಡ್ ಮಾತ್ರ ಸ್ವಲ್ಪ ಬೇರೆ. ಅದಕ್ಕೆ ಬೆಟ್ಟದ ಗಾಳಿಗಿಂತ ಬಿಸಿಲಿಗೆ ನೆಲ ಕಾದು ಮೇಲೇಳುವ ಬಿಸಿಗಾಳಿ ಬೇಕು, ಹಾಗಾಗಿ ಗಾಳಿ ಕಡಿಮೆ ಇದ್ದು ಒಳ್ಳೆ ಬಿಸಿಲಿದ್ದ ದಿನವೂ ನಡೆಯುತ್ತದೆ. ಶನಿವಾರ ಅಂತ ಮಾತ್ರ ಹೋಗುವವರಿಗೆ ಹಕ್ಕಿ ಸಿಗೋದು ಅದೃಷ್ಟ. 1978ರ ಸೆಪ್ಟೆಂಬರ್ 14ರಂದು ಒಂದೇ ದಿನ 21,000ಕ್ಕೂ ಹೆಚ್ಚು ಬ್ರಾಡ್-ವಿಂಗ್ಡ್ ಹಾದುಹೋದವು, ಅವತ್ತು ಗುರುವಾರ.

ಏನು ಒಯ್ಯಬೇಕು

8x42 ಅಥವಾ 10x42 ಬೈನಾಕ್ಯುಲರ್. ಅದಕ್ಕಿಂತ ಜಾಸ್ತಿ ಪವರ್ ಬೇಡ, ಕೈ ನಡುಗಿದರೆ ಏನೂ ಕಾಣಲ್ಲ. ಸ್ಕೋಪ್ ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತದೆ. ಕೂರೋಕೆ ದಪ್ಪ ದಿಂಬು ಒಂದು ಬೇಕೇ ಬೇಕು, ಏಕೆಂದರೆ ಎಣಿಸೋಕೆ ಕೂರುವ ತುದಿ, ನಾರ್ತ್ ಲುಕೌಟ್, ಅಂದರೆ ಬರೀ ಬಂಡೆ. ಕೆಳಗಿನ ಪಾರ್ಕಿಂಗ್‌ಗೂ ಅಲ್ಲಿಗೂ ಚಳಿಯಲ್ಲಿ ತುಂಬಾ ವ್ಯತ್ಯಾಸ, ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. ಟೋಪಿ, ಸನ್‌ಸ್ಕ್ರೀನ್, ನೀರು. ಬುತ್ತಿಗೆ ಚಿತ್ರಾನ್ನಕ್ಕಿಂತ ಚಪಾತಿ ರೋಲ್ ವಾಸಿ, ಒಂದು ಕೈಯಲ್ಲಿ ತಿನ್ನಬಹುದು, ಇನ್ನೊಂದು ಕೈ ಬೈನಾಕ್ಯುಲರ್‌ಗೆ ಬೇಕು. ಕೈಯಲ್ಲಿ ಒತ್ತಿ ಎಣಿಸುವ ಕ್ಲಿಕ್ಕರ್, ಪುಟ್ಟ ನೋಟ್‌ಬುಕ್, ಎರಡು ಪೆನ್ಸಿಲ್. ಪೆನ್ ಬೇಡ, ಚಳಿಗೆ ಇಂಕು ಕೈಕೊಡುತ್ತದೆ.

ಸಾಕುನಾಯಿಗೆ ಅಲ್ಲಿ ಪ್ರವೇಶ ಇಲ್ಲ. ಟ್ರೇಲ್‌ಗೆ ಟಿಕೆಟ್ ಇದೆ. ನಾರ್ತ್ ಲುಕೌಟ್‌ಗೆ ಸುಮಾರು ಒಂದು ಮೈಲಿ, ಕೊನೆಕೊನೆಗೆ ಕಲ್ಲು ಜಾಸ್ತಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಸೌತ್ ಲುಕೌಟ್‌ಗೆ ಕರೆದುಕೊಂಡು ಹೋಗಿ. ಅದು ಹತ್ತಿರದಲ್ಲೇ ಇದೆ, ದಾರಿಯೂ ಸಲೀಸು.

ಆಕಾಶವನ್ನು ಓದೋದು

ಹೊಸಬರು ಬರಿಗಣ್ಣಲ್ಲಿ ಮೇಲೆ ನೋಡುತ್ತಾ ಹಕ್ಕಿ ಕಂಡ ಮೇಲೆ ಬೈನಾಕ್ಯುಲರ್ ಎತ್ತುತ್ತಾರೆ. ಎಣಿಸುವವರು ತಿರುಗುಮುರುಗು ಮಾಡುತ್ತಾರೆ. ಬೈನಾಕ್ಯುಲರ್ ಕಣ್ಣಿಗೆ ಇಟ್ಟುಕೊಂಡೇ ಹುಡುಕುತ್ತಾರೆ.

ನಾರ್ತ್ ಲುಕೌಟ್‌ನಲ್ಲಿ ಕೂತರೆ ಈಶಾನ್ಯಕ್ಕೆ ಬೆಟ್ಟದ ಸಾಲು ಏರಿಳಿಯುತ್ತಾ ಹೋಗುವುದು ಕಾಣುತ್ತದೆ. ಆ ಉಬ್ಬುಗಳಿಗೆ ಒಂದು, ಎರಡು, ಮೂರು ಅಂತ ಐದರವರೆಗೆ ನಂಬರ್ ಕೊಟ್ಟಿದ್ದಾರೆ. "ಮೂರರ ಮೇಲೆ, ಎಡಕ್ಕೆ ಹೋಗ್ತಿದೆ" ಅಂತ ಯಾರಾದರೂ ಕೂಗಿದರೆ ಎಲ್ಲರ ಬೈನಾಕ್ಯುಲರ್ ಅಲ್ಲಿಗೇ ತಿರುಗುತ್ತದೆ. ಹೋದ ಕೂಡಲೇ ಈ ನಂಬರ್‌ಗಳನ್ನು ಪಕ್ಕದವರ ಹತ್ತಿರ ಕೇಳಿ ಕಲಿತುಬಿಡಿ. "ಅಗೋ ಅಲ್ಲಿ, ಆ ಮೋಡದ ಹತ್ತಿರ" ಅಂದರೆ ಯಾರಿಗೂ ಉಪಯೋಗ ಇಲ್ಲ, ಮೋಡಗಳು ನೂರು ಇರುತ್ತವೆ.

ಬೆಟ್ಟದ ಅಂಚು ಬೈನಾಕ್ಯುಲರ್‌ನ ವೃತ್ತದ ತಳಕ್ಕೆ ಬರುವ ಹಾಗೆ ಇಟ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಆಮೇಲೆ ಒಂದು ವೃತ್ತದಷ್ಟು ಮೇಲಕ್ಕೆ ಎತ್ತಿ ಬಲದಿಂದ ಎಡಕ್ಕೆ. ಹೀಗೆ ಎರಡು ಮೂರು ಪಟ್ಟಿ ಆದ ಮೇಲೆ ನೆತ್ತಿ ಮೇಲೂ ಒಮ್ಮೆ ನೋಡಿ. ನೆತ್ತಿಯನ್ನು ಎಲ್ಲರೂ ಮರೆಯುತ್ತಾರೆ. ಬಿಳಿ ಮೋಡ ಇದ್ದ ದಿನ ಹಕ್ಕಿ ಚುಕ್ಕಿಯ ಹಾಗೆ ಎದ್ದು ಕಾಣುತ್ತದೆ. ಒಂದೂ ಮೋಡ ಇಲ್ಲದ ನೀಲಿ ಆಕಾಶ ನೋಡೋಕೆ ಚೆಂದ, ಎಣಿಸೋಕೆ ಶತ್ರು: ಕಣ್ಣಿಗೆ ಹಿಡಿದುಕೊಳ್ಳೋಕೆ ಏನೂ ಇರಲ್ಲ, ಫೋಕಸ್ ಹತ್ತಿರಕ್ಕೇ ಜಾರುತ್ತದೆ. ಅಂಥ ದಿನ ಆಗಾಗ ದೂರದ ಬೆಟ್ಟವನ್ನು ನೋಡಿ ಫೋಕಸ್ ಸರಿ ಮಾಡಿಕೊಳ್ಳಿ. ಬಿಸಿಲೇರಿದ ಮಧ್ಯಾಹ್ನ ಹಕ್ಕಿಗಳು ನಿಂತುಹೋದ ಹಾಗೆ ಅನಿಸಿದರೆ ಅವು ನಿಂತಿಲ್ಲ, ತುಂಬಾ ಮೇಲೆ ಹೋಗಿರಬಹುದು.

ಕಂಬದ ಮೇಲೆ ಪ್ಲಾಸ್ಟಿಕ್ ಗೂಬೆ ಒಂದು ಕಾಣಿಸುತ್ತದೆ. ಅದು ಅಲಂಕಾರಕ್ಕಲ್ಲ. ಗೂಬೆ ಕಂಡರೆ ಶಾರ್ಪ್-ಶಿನ್ಡ್‌ಗಳಿಗೆ ಎಲ್ಲಿಲ್ಲದ ಸಿಟ್ಟು, ದಾರಿ ಬಿಟ್ಟು ಎರಗೋಕೆ ಬರುತ್ತವೆ, ನಮಗೆ ಹತ್ತಿರದಿಂದ ನೋಡೋಕೆ ಸಿಗುತ್ತದೆ.

ಯಾವುದು ಯಾವುದು ಅಂತ ತಿಳಿಯೋದು

ಇಲ್ಲಿ ಬಣ್ಣವನ್ನು ಮರೆತುಬಿಡಿ. ಒಂದು ಮೈಲಿ ದೂರದ ಹಕ್ಕಿ ಕಪ್ಪಾಗೇ ಕಾಣುತ್ತದೆ. ಆಕಾರ ಮತ್ತು ಹಾರುವ ರೀತಿ, ಇವೆರಡೇ ನಿಮ್ಮ ಆಸ್ತಿ. ಮೊದಲು ಯಾವ ಜಾತಿ ಅಂತ ಕೇಳಬೇಡಿ, ಯಾವ ಮನೆತನ ಅಂತ ಕೇಳಿ.

ರೆಕ್ಕೆ ಅಗಲ, ಬಾಲ ಗಿಡ್ಡ, ಹೆಚ್ಚಾಗಿ ಸುತ್ತು ಹಾಕುತ್ತಾ ತೇಲುತ್ತದೆ ಅಂದರೆ ಅದು ಬ್ಯೂಟಿಯೊ ಗುಂಪು: ಬ್ರಾಡ್-ವಿಂಗ್ಡ್, ರೆಡ್-ಟೇಲ್ಡ್, ರೆಡ್-ಶೋಲ್ಡರ್ಡ್. ರೆಡ್-ಟೇಲ್ಡ್‌ಗೆ ರೆಕ್ಕೆಯ ಮುಂದಿನ ಅಂಚಿನಲ್ಲಿ, ಭುಜದ ಹತ್ತಿರ, ಕಪ್ಪು ಪಟ್ಟೆ ಇರುತ್ತದೆ, ಮರಿಗೂ ಇರುತ್ತದೆ, ಬಾಲ ಕೆಂಪಾಗಿಲ್ಲದಿದ್ದರೂ ಇದನ್ನು ನಂಬಬಹುದು. ಬ್ರಾಡ್-ವಿಂಗ್ಡ್ ಚಿಕ್ಕದು, ರೆಕ್ಕೆಯ ತುದಿ ಚೂಪು, ಕೆಳಗಿನಿಂದ ನೋಡಿದರೆ ಬಿಳಿ ರೆಕ್ಕೆಗೆ ಕಪ್ಪು ಅಂಚು. ರೆಡ್-ಶೋಲ್ಡರ್ಡ್‌ನ ರೆಕ್ಕೆ ತುದಿಯ ಹತ್ತಿರ ಬೆಳಕು ತೂರಿಬರುವ ಅರ್ಧಚಂದ್ರ ಕಾಣುತ್ತದೆ.

ರೆಕ್ಕೆ ಗಿಡ್ಡ, ಬಾಲ ಉದ್ದ, ನಾಲ್ಕೈದು ಸಲ ಬಡಬಡ ರೆಕ್ಕೆ ಬಡಿದು ಒಂದಿಷ್ಟು ದೂರ ಜಾರುತ್ತದೆ, ಮತ್ತೆ ಬಡಿಯುತ್ತದೆ ಅಂದರೆ ಆಕ್ಸಿಪಿಟರ್. ನಮ್ಮೂರ ಬಿಜ್ಜು (ಶಿಕ್ರಾ) ಹಾರೋದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ, ಅದೇ ಚಾಳಿ. ಕಷ್ಟ ಇರೋದು ಶಾರ್ಪ್-ಶಿನ್ಡ್ ಮತ್ತು ಕೂಪರ್ಸ್ ಎರಡರ ನಡುವೆ. ಶಾರ್ಪ್-ಶಿನ್ಡ್ ಚಿಕ್ಕದು, ತಲೆ ರೆಕ್ಕೆಯಿಂದ ಮುಂದೆ ಚಾಚುವುದೇ ಇಲ್ಲವೇನೋ ಅನಿಸುತ್ತದೆ, ಬಾಲದ ತುದಿ ನೇರ, ಗಾಳಿಗೆ ಸಿಕ್ಕಿ ಅಲುಗಾಡುತ್ತದೆ. ಕೂಪರ್ಸ್‌ನ ತಲೆ ಮುಂದಕ್ಕೆ ಚಾಚಿರುತ್ತದೆ, ಬಾಲದ ತುದಿ ದುಂಡಗೆ, ರೆಕ್ಕೆ ಬಡಿತ ನಿಧಾನ, ಗಾಳಿಯಲ್ಲಿ ಸ್ಥಿರ. ಹಳಬರೂ ಇಲ್ಲಿ ವಾದ ಮಾಡುತ್ತಾರೆ, ಆ ವಾದ ಕೇಳೋದೇ ಒಂದು ಪಾಠ.

ಚೂಪು ರೆಕ್ಕೆಯವು ಚಾಣಗಳು: ಕೆಸ್ಟ್ರೆಲ್ ಹಗುರ, ತೇಲಾಡುತ್ತದೆ. ಮೆರ್ಲಿನ್ ಅಷ್ಟೇ ಗಾತ್ರ, ಆದರೆ ಎಲ್ಲಿಗೋ ತಡವಾದ ಹಾಗೆ ನೇರ ನುಗ್ಗುತ್ತದೆ, ನೀವು "ಅದೇನು" ಅನ್ನೋದರೊಳಗೆ ದಾಟಿರುತ್ತದೆ. ಪೆರಿಗ್ರಿನ್ ದೊಡ್ಡದು, ಎದೆ ದಪ್ಪ.

ಉದ್ದ ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು, ಸೊಂಟದ ಮೇಲೆ ಬಿಳಿ ಮಚ್ಚೆ ಇದ್ದರೆ ಹ್ಯಾರಿಯರ್, ನಮ್ಮ ಸೆಳೆವದ ನೆಂಟ. ಆಸ್ಪ್ರೆ ರೆಕ್ಕೆಯನ್ನು ಇಂಗ್ಲಿಷಿನ ಎಂ ಅಕ್ಷರದ ಹಾಗೆ ಮಡಿಸಿಕೊಂಡಿರುತ್ತದೆ. ಬಾಲ್ಡ್ ಈಗಲ್ ರೆಕ್ಕೆಯನ್ನು ಪೂರ್ತಿ ಚಪ್ಪಟೆಯಾಗಿ ಚಾಚುತ್ತದೆ, ತಲೆ ದೊಡ್ಡದು. ಗೋಲ್ಡನ್ ಈಗಲ್‌ನ ರೆಕ್ಕೆ ಸ್ವಲ್ಪ ಮೇಲಕ್ಕೆ, ತಲೆ ಚಿಕ್ಕದು. ಬಾಲ್ಡ್ ಈಗಲ್‌ಗೆ ಬಿಳಿ ತಲೆ ಬರೋಕೆ ಐದು ವರ್ಷ ಬೇಕು, ಹಾಗಾಗಿ ಕಂದು ತಲೆ ಅಂತ ತಕ್ಷಣ ಗೋಲ್ಡನ್ ಅನ್ನಬೇಡಿ. ಎಳೆ ಬಾಲ್ಡ್ ಈಗಲ್‌ನ ರೆಕ್ಕೆಯ ಒಳಭಾಗದಲ್ಲಿ ಬಿಳಿ ಚೆಲ್ಲಾಪಿಲ್ಲಿ ಇರುತ್ತದೆ. ಎಳೆ ಗೋಲ್ಡನ್‌ಗೆ ಬಿಳಿ ಅಚ್ಚುಕಟ್ಟು: ಬಾಲದ ಬುಡದಲ್ಲಿ ಮತ್ತು ಹಾರುಗರಿಗಳ ಬುಡದಲ್ಲಿ.

ಟರ್ಕಿ ವಲ್ಚರ್ ಇಡೀ ದಿನ ಅಲ್ಲೇ ಸುತ್ತುತ್ತಿರುತ್ತವೆ. ರೆಕ್ಕೆ ವಿ ಆಕಾರ, ಆಕಡೆ ಈಕಡೆ ವಾಲಾಡುತ್ತವೆ. ಅವು ಬಹುಪಾಲು ಅಲ್ಲಿಯವೇ. ಒಂದು ಗಂಟೆ ಅವನ್ನೇ ನೋಡಿ, ಅವು ಅಲ್ಲ ಅನ್ನೋದು ಕಣ್ಣಿಗೆ ಅಭ್ಯಾಸ ಆಗುತ್ತದೆ.

ಗೊತ್ತಾಗದಿದ್ದರೆ? ಗೊತ್ತಾಗಲಿಲ್ಲ ಅಂತ ಬರೆಯಿರಿ. ಎಣಿಕೆಯ ಹಾಳೆಯಲ್ಲಿ ಅದಕ್ಕೇ ಜಾಗ ಇದೆ: ಗುರುತಿಸದ ಆಕ್ಸಿಪಿಟರ್, ಗುರುತಿಸದ ಬ್ಯೂಟಿಯೊ, ಗುರುತಿಸದ ಬೇಟೆ ಹಕ್ಕಿ. ಆ ಕಾಲಂ ಯಾವಾಗಲೂ ಖಾಲಿ ಇಟ್ಟವರ ಲೆಕ್ಕದ ಮೇಲೆ ನನಗೆ ಅನುಮಾನ.

ಗುಂಪನ್ನು ಎಣಿಸೋದು

ಸೆಪ್ಟೆಂಬರ್‌ನಲ್ಲಿ ಬ್ರಾಡ್-ವಿಂಗ್ಡ್‌ಗಳು ಬಿಸಿಗಾಳಿ ಸಿಕ್ಕಿದ ಕಡೆ ನೂರಾರು ಒಟ್ಟಿಗೆ ಸುತ್ತುತ್ತಾ ಮೇಲೇರುತ್ತವೆ. ಅಲ್ಲಿನವರು ಇದಕ್ಕೆ ಕೆಟಲ್ ಅನ್ನುತ್ತಾರೆ. ಇದನ್ನು ನೋಡಿದ ಕೂಡಲೇ, ಹಕ್ಕಿಗಳು ಸುತ್ತುತ್ತಿರುವಾಗಲೇ, ಎಲ್ಲರೂ ಎಣಿಸೋಕೆ ಹೊರಡುತ್ತಾರೆ. ಆಗಲ್ಲ. ಒಂದೇ ಹಕ್ಕಿ ನಾಲ್ಕು ಸಲ ಕಣ್ಣ ಮುಂದೆ ಬರುತ್ತದೆ. ತೇರಿನ ದಿನ ಬಯಲಲ್ಲಿ ಸೇರಿದ ಜನರನ್ನು ಎಣಿಸೋಕಾಗಲ್ಲ, ಆದರೆ ಹೊರಗೆ ಹೋಗುವ ಗೇಟಿನಲ್ಲಿ ನಿಂತರೆ ಎಣಿಸಬಹುದು, ಅಲ್ವಾ? ಇಲ್ಲೂ ಅಷ್ಟೇ. ಗಾಳಿಯ ತುದಿ ಮುಟ್ಟಿದ ಹಕ್ಕಿಗಳು ರೆಕ್ಕೆ ಅರ್ಧ ಮಡಿಸಿ ಒಂದರ ಹಿಂದೆ ಒಂದು ಸಾಲಾಗಿ ನೈಋತ್ಯಕ್ಕೆ ಜಾರುತ್ತವೆ. ಕಾಯಿರಿ. ಆ ಸಾಲನ್ನು ಎಣಿಸಿ.

ಸಾಲು ತೆಳ್ಳಗಿದ್ದರೆ ಒಂದೊಂದಾಗಿ. ದಟ್ಟವಾದರೆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಅಂತ ಕಣ್ಣಿಗೆ ಅಳತೆ ಮಾಡಿಕೊಂಡು ಹತ್ತತ್ತಾಗಿ ಕ್ಲಿಕ್ಕರ್ ಒತ್ತಿ. ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳಿ, ಬೆಟ್ಟದ ಒಂದು ಉಬ್ಬಿನ ನೇರಕ್ಕೆ ಇರಲಿ, ಆ ಗೆರೆ ದಾಟಿದ್ದಷ್ಟೇ ಲೆಕ್ಕ. ಗೂಬೆ ಹತ್ತಿರ ಸುತ್ತಿ ಸುತ್ತಿ ಆಡುವ ಶಾರ್ಪ್-ಶಿನ್ಡ್ ಕೂಡ ಗೆರೆ ದಾಟಿದ ಮೇಲೆ ಒಂದೇ ಸಲ. ಅಲ್ಲೇ ವಾಸ ಮಾಡುವ ರೆಡ್-ಟೇಲ್ಡ್ ಬೆಳಗ್ಗೆಯಿಂದ ಆಕಡೆ ಈಕಡೆ ಓಡಾಡುತ್ತಿದ್ದರೆ ಲೆಕ್ಕಕ್ಕಿಲ್ಲ.

ಕ್ಲಿಕ್ಕರ್ ಅವತ್ತು ಯಾವ ಹಕ್ಕಿ ಜಾಸ್ತಿಯೋ ಅದಕ್ಕೆ ಮಾತ್ರ. ಮಿಕ್ಕಿದ್ದಕ್ಕೆ ನೋಟ್‌ಬುಕ್‌ನಲ್ಲಿ ಗೀಟು. ಜೊತೆಗೆ ಒಬ್ಬರಿದ್ದರೆ ಒಬ್ಬರು ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಇಬ್ಬರೂ ಕೂಗಿದರೆ ಇಬ್ಬರ ಲೆಕ್ಕವೂ ಕೂಡಿ ಎರಡರಷ್ಟಾಗುತ್ತದೆ.

ಇನ್ನೊಂದು ಮಾತು. ಹಾಕ್ ಮೌಂಟನ್‌ನಲ್ಲಿ ಅಧಿಕೃತವಾಗಿ ಎಣಿಸುವವರು ಒಬ್ಬರು ಇರುತ್ತಾರೆ. ದೂರದಲ್ಲಿ ಹಕ್ಕಿ ಕಂಡರೆ ಜಾಗ ಹೇಳಿ, ಅವರಿಗೆ ಖುಷಿಯೇ. ಆದರೆ ಅವರು ಕ್ಲಿಕ್ಕರ್ ಒತ್ತುತ್ತಿರುವಾಗ ಜೋರಾಗಿ "ನಲವತ್ತೆರಡು, ನಲವತ್ತಮೂರು" ಅಂತ ಎಣಿಸಬೇಡಿ, ಕನ್ನಡದಲ್ಲಾದರೂ ಸರಿ.

ಗಂಟೆಯ ಹಾಳೆ

ಎಣಿಕೆಯ ಘಟಕ ದಿನ ಅಲ್ಲ, ಗಂಟೆ. ಒಂಬತ್ತರಿಂದ ಹತ್ತು, ಹತ್ತರಿಂದ ಹನ್ನೊಂದು, ಹೀಗೆ ಪ್ರತಿ ಗಂಟೆಗೂ ಬೇರೆ ಸಾಲು. ಅದರಲ್ಲಿ ಯಾವ ಹಕ್ಕಿ ಎಷ್ಟು ಅನ್ನೋದರ ಜೊತೆಗೆ ಗಾಳಿಯ ದಿಕ್ಕು ಮತ್ತು ವೇಗ, ತಾಪಮಾನ, ಮೋಡ ಶೇಕಡ ಎಷ್ಟು, ಎಷ್ಟು ದೂರ ಕಾಣಿಸುತ್ತಿದೆ, ಹಕ್ಕಿಗಳು ಎಷ್ಟು ಎತ್ತರದಲ್ಲಿವೆ (ಕಣ್ಣಿನ ಮಟ್ಟಕ್ಕಿಂತ ಕೆಳಗೋ, ಬರಿಗಣ್ಣಿಗೆ ಕಾಣುವಷ್ಟೋ, ಬೈನಾಕ್ಯುಲರ್‌ಗೆ ಮಾತ್ರ ಸಿಗುವಷ್ಟೋ), ಎಷ್ಟು ಜನ ನೋಡುತ್ತಿದ್ದಾರೆ, ಆ ಗಂಟೆಯಲ್ಲಿ ನಿಜವಾಗಿ ಎಷ್ಟು ನಿಮಿಷ ನೋಡಿದಿರಿ ಇವೆಲ್ಲ ಬರಬೇಕು. ಊಟಕ್ಕೆ ಇಪ್ಪತ್ತು ನಿಮಿಷ ಹೋದರೆ ಅದು ನಲವತ್ತು ನಿಮಿಷದ ಗಂಟೆ.

ಸಮಯ ಬರೆಯುವಾಗ ಸ್ಟ್ಯಾಂಡರ್ಡ್ ಟೈಮ್. ಉತ್ತರ ಅಮೆರಿಕದ ಗಿಡುಗ ಎಣಿಕೆಯ ರೂಢಿ ಅದು. ನವೆಂಬರ್ ಮೊದಲ ಭಾನುವಾರದವರೆಗೆ ನಿಮ್ಮ ಫೋನು ಒಂದು ಗಂಟೆ ಮುಂದಿರುತ್ತದೆ, ಅದನ್ನು ಕಳೆದು ಬರೆಯಿರಿ.

ಏನೂ ಬರದ ಗಂಟೆಗೆ ಸೊನ್ನೆ ಬರೆಯಿರಿ, ಗೆರೆ ಎಳೆದು ಬಿಡಬೇಡಿ. ಖಾಲಿ ಬಿಟ್ಟರೆ ನೋಡಿಲ್ಲ ಅಂತ ಅರ್ಥ, ಸೊನ್ನೆ ಅಂದರೆ ನೋಡಿದೆವು, ಬರಲಿಲ್ಲ ಅಂತ. ಮುಂದೆ ಲೆಕ್ಕ ಹಾಕುವವರು ಗಂಟೆಗೆ ಎಷ್ಟು ಹಕ್ಕಿ ಅಂತ ಭಾಗಿಸುತ್ತಾರೆ. ನೀವು ಹಕ್ಕಿ ಬಂದ ಗಂಟೆಗಳನ್ನು ಮಾತ್ರ ಬರೆದಿದ್ದರೆ, ಹಕ್ಕಿ ಅರ್ಧಕ್ಕಿಳಿದ ವರ್ಷವೂ ಎಲ್ಲ ಸುಖವಾಗೇ ಇದೆ ಅಂತ ನಿಮ್ಮ ಹಾಳೆ ಹೇಳುತ್ತದೆ.

ವಯಸ್ಸು ಗೊತ್ತಾದರೆ ಅದನ್ನೂ ಬರೆಯಿರಿ, ಈಗಲ್‌ಗಳಿಗಂತೂ ಕಡ್ಡಾಯ. ಯಾಕೆ ಅಂತ ಹೇಳುತ್ತೇನೆ. 1935ರಿಂದ 39ರವರೆಗೆ ಹಾಕ್ ಮೌಂಟನ್‌ನಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ಶೇಕಡ 40 ಎಳೆಯವು. 1955ರಿಂದ 59ಕ್ಕೆ ಬರುವಷ್ಟರಲ್ಲಿ ಅದು ಶೇಕಡ 20ಕ್ಕೆ ಇಳಿದಿತ್ತು. ದೊಡ್ಡ ಹಕ್ಕಿಗಳು ಇನ್ನೂ ಹಾರುತ್ತಿದ್ದವು, ನೋಡುವವರಿಗೆ ಏನೂ ಕೊರತೆ ಕಾಣುತ್ತಿರಲಿಲ್ಲ, ಆದರೆ ಮರಿಗಳು ಬರುತ್ತಿರಲಿಲ್ಲ. ಹಕ್ಕಿಗಳ ಸಂತಾನಕ್ಕೆ ಕುತ್ತು ತಂದ ಡಿಡಿಟಿ ಕೀಟನಾಶಕದ ಬಗ್ಗೆ 1962ರಲ್ಲಿ ಬರೆದಾಗ ಲೇಖಕಿ ರೇಚಲ್ ಕಾರ್ಸನ್ ಈ ಲೆಕ್ಕವನ್ನು ಬಳಸಿಕೊಂಡರು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಬ್ರೌನ್ ಬರೀ "ಈಗಲ್, ಇಷ್ಟು" ಅಂತ ಬರೆದಿಟ್ಟಿದ್ದರೆ ಇದ್ಯಾವುದೂ ಆ ಹಾಳೆಗಳಲ್ಲಿ ಕಾಣುತ್ತಿರಲಿಲ್ಲ.

ಮನೆ ಹತ್ತಿರವೇ ಎಣಿಸಬೇಕು ಅಂದರೆ

ಪ್ರತಿ ವಾರ ಕೆಂಪ್ಟನ್‌ಗೆ ಹೋಗೋದು ಎಲ್ಲರಿಗೂ ಆಗಲ್ಲ. ಬ್ರಿಡ್ಜ್‌ವಾಟರ್ ಬಾಲಾಜಿ ದೇವಸ್ಥಾನಕ್ಕೆ ಹೋಗುವವರಿಗೆ ಅದೇ ಊರಿನ ವಾಷಿಂಗ್ಟನ್ ವ್ಯಾಲಿ ಪಾರ್ಕಿನಲ್ಲಿ ಚಿಮ್ನಿ ರಾಕ್ ಹಾಕ್ ವಾಚ್ ಇದೆ. ದರ್ಶನ ಮುಗಿಸಿ, ಪುಳಿಯೋಗರೆ ತಿಂದು ಹೋಗಬಹುದು. ಮಾಂಟ್‌ಕ್ಲೇರ್‌ನಲ್ಲೂ ಹಳೆಯ ಎಣಿಕೆ ಜಾಗ ಇದೆ. ಚಾಣಗಳು ಇಷ್ಟ ಅಂದರೆ ಅಕ್ಟೋಬರ್ ಶುರುವಲ್ಲಿ ಕೇಪ್ ಮೇ, ಸಮುದ್ರದ ಅಂಚಿಗೆ ಬಂದು ಸೇರುವ ಪೆರಿಗ್ರಿನ್, ಮೆರ್ಲಿನ್ ಅಲ್ಲಿ ಚೆನ್ನಾಗಿ ಸಿಗುತ್ತವೆ. ಮೊದಲ ಸೀಸನ್ ಇಂಥ ಯಾವುದಾದರೂ ಜಾಗದಲ್ಲಿ ಹಳಬರ ಪಕ್ಕ ಕೂತು ಕಲಿಯಿರಿ.

ಆಮೇಲೆ ನಿಮ್ಮದೇ ಜಾಗ ಹುಡುಕಿ. ಉತ್ತರ ಮತ್ತು ಈಶಾನ್ಯ ತೆರೆದಿರಬೇಕು, ಅಷ್ಟೇ. ಬೆಟ್ಟವೇ ಆಗಬೇಕಿಲ್ಲ, ಪಾರ್ಕಿಂಗ್ ಗ್ಯಾರೇಜಿನ ಮೇಲ್ಮಹಡಿಯೂ ಆದೀತು. ಆದರೆ ಒಮ್ಮೆ ಆರಿಸಿದ ಮೇಲೆ ಜಾಗ ಬದಲಿಸಬೇಡಿ. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಹಕ್ಕಿ ಹಿಂದೆ ಓಡಿದರೆ ಎರಡು ವರ್ಷವನ್ನು ಹೋಲಿಸೋಕಾಗಲ್ಲ. 1974ರಲ್ಲಿ ಶುರುವಾದ ಹಾಕ್ ಮೈಗ್ರೇಷನ್ ಅಸೋಸಿಯೇಷನ್ ನಡೆಸುವ ಹಾಕ್‌ಕೌಂಟ್ ತಾಣಕ್ಕೆ ಲೆಕ್ಕ ಸೇರಿಸಬಹುದು. ಅಷ್ಟು ನಿಯಮಿತವಾಗಿ ಆಗದಿದ್ದರೆ, ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸುವ ಇಬರ್ಡ್ ತಾಣ ಸಾಕು. ಎಲ್ಲೇ ಆಗಲಿ ಅದೇ ರಾತ್ರಿ ತುಂಬಿಬಿಡಿ, ವಾರ ಬಿಟ್ಟು ನೋಡಿದರೆ ನಿಮ್ಮ ಗೀಟು ನಿಮಗೇ ಅರ್ಥ ಆಗಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಬೈನಾಕ್ಯುಲರ್ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಮಧ್ಯ ಏಷ್ಯಾ ಕಡೆಯಿಂದ ಬಂದ ಸೆಳೆವಗಳು ಆ ಹೊತ್ತಿಗೆ ಬಯಲುಸೀಮೆಯ ಹುಲ್ಲುಗಾವಲುಗಳಲ್ಲಿ ಇರುತ್ತವೆ, ಬೆಂಗಳೂರಿನವರಿಗೆ ಹೆಸರಘಟ್ಟವೇ ಹತ್ತಿರ. ಅಲ್ಲಿ ಎಣಿಸುವ ರೀತಿ ಮಾತ್ರ ಬೇರೆ. ಹಕ್ಕಿ ಎಲ್ಲಿಗೂ ಹಾದುಹೋಗುತ್ತಿಲ್ಲ, ರಾತ್ರಿ ಹುಲ್ಲಿನ ಮಧ್ಯೆ ನೆಲದ ಮೇಲೇ ಮಲಗೋಕೆ ಬರುತ್ತದೆ. ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ದೂರದಲ್ಲಿ, ಕಾರಿನ ಒಳಗೋ ಮರದ ಮರೆಗೋ ಕೂತು, ಪೂರ್ತಿ ಕತ್ತಲಾಗುವವರೆಗೆ ಹುಲ್ಲಿಗೆ ಇಳಿದವನ್ನು ಕೂಡಿ, ಎದ್ದು ಹೋದವನ್ನು ಕಳೆಯಿರಿ. ಹುಲ್ಲಿನೊಳಗೆ ಕಾಲಿಡಬೇಡಿ, ಒಂದು ಸಲ ಎಬ್ಬಿಸಿದರೆ ಅವತ್ತಿನ ಲೆಕ್ಕ ಹೋಯಿತು, ಹಕ್ಕಿಗೆ ಅವತ್ತಿನ ರಾತ್ರಿಯ ಜಾಗವೂ ಹೋಯಿತು.